ಗೇರ್ ಎಣಿಸುವ ಮೊದಲು ಬ್ರೇಕ್ ಹಿಡಿದು ನೋಡಿ

ಪ್ರಶ್ನೆ: ನಾನು ಮಣಿಪಾಲದಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 29, ಎತ್ತರ 5 ಅಡಿ 3 ಇಂಚು. ಹೈಸ್ಕೂಲು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ. ಈಗ ಒಂದು ಮೌಂಟನ್ ಬೈಕ್ ಕೊಳ್ಳುವ ಆಸೆ ಬಂದಿದೆ. ವಾರದಲ್ಲಿ ಎರಡು ಮೂರು ದಿನ ಪೆರಂಪಳ್ಳಿಯಿಂದ ಆಫೀಸಿಗೆ ಹೋಗಬೇಕು, ರಜೆಯಲ್ಲಿ ಗುಡ್ಡೆಯ ಮಣ್ಣಿನ ದಾರಿ ಸುತ್ತಬೇಕು, ಎಂದಾದರೂ ಆಗುಂಬೆ ಘಾಟಿ ಹತ್ತಬೇಕು. ಎಲ್ಲ ಸೇರಿ 30,000 ರೂಪಾಯಿ ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ, 21 ಗೇರಿನ ಸೈಕಲ್ ತೋರಿಸಿ ‘ಗುಡ್ಡೆಗೆ ಇದೇ ಸರಿ’ ಎಂದರು. ಕೊಳ್ಳಬಹುದೇ? ಜೊತೆಗೆ ಏನೇನು ಬೇಕು?

ಉತ್ತರ: ಆ ಸೈಕಲ್ ಬೇಡ. ಯಾಕೆ ಬೇಡ ಎಂಬುದು ಗೊತ್ತಾದರೆ ಯಾವುದು ಬೇಕು ಎಂಬುದೂ ಅರ್ಧ ಗೊತ್ತಾದ ಹಾಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹಿಂದಿನ ಶಾಕ್ ಎಂದರೆ ಬರೀ ಸ್ಪ್ರಿಂಗ್ ಅಲ್ಲ. ಒತ್ತಿದ ಸ್ಪ್ರಿಂಗ್ ಚೆಂಡಿನ ಹಾಗೆ ಪುಟಿದೇಳದಂತೆ ತಡೆಹಿಡಿಯಲು ಒಳಗೆ ಡ್ಯಾಂಪರ್ ಇರಬೇಕು, ಫ್ರೇಮಿನ ಎರಡು ಭಾಗ ಸೇರುವ ಕೀಲಿನಲ್ಲಿ ಒಳ್ಳೆಯ ಬೇರಿಂಗ್ ಇರಬೇಕು. ಎರಡಕ್ಕೂ ದುಡ್ಡು ಬೀಳುತ್ತದೆ. ನಿಮ್ಮ ಬಜೆಟ್ಟಿನ ಸೈಕಲ್‌ನಲ್ಲಿ ಸಿಗುವುದು ಸ್ಪ್ರಿಂಗ್ ಮತ್ತು ಅದರ ಭಾರ ಮಾತ್ರ. ಪೆರಂಪಳ್ಳಿಯಿಂದ ಮಣಿಪಾಲಕ್ಕೆ ಏರುವಾಗ ನೀವು ತುಳಿದ ಶಕ್ತಿಯ ಒಂದು ಪಾಲು ಸೀಟನ್ನು ಮೇಲೆ ಕೆಳಗೆ ಕುಣಿಸಲು ಖರ್ಚಾಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೀಲಿನೊಳಗೆ ಕೆಂಪು ಮಣ್ಣು ಹೊಕ್ಕು, ಹಿಂದಿನ ಚಕ್ರ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆ. ಅದೇ ದುಡ್ಡಿಗೆ ಮುಂದೆ ಮಾತ್ರ ಶಾಕ್ ಇರುವ, ಹಿಂದೆ ಗಟ್ಟಿ ಫ್ರೇಮಿನ ಸೈಕಲ್ ತೆಗೆದುಕೊಂಡರೆ ಎಲ್ಲ ಭಾಗವೂ ಒಂದು ಮೆಟ್ಟಿಲು ಮೇಲಿನದು ಸಿಗುತ್ತದೆ. ಇದನ್ನು ಹಾರ್ಡ್‌ಟೇಲ್ ಎನ್ನುತ್ತಾರೆ. ನಿಮಗೆ ಬೇಕಾದದ್ದು ಅದು. ಅಲ್ಯೂಮಿನಿಯಂ ಫ್ರೇಮ್ ಇರಲಿ, ಕಡಲಿಗೆ ಇಷ್ಟು ಹತ್ತಿರದ ಊರಿನಲ್ಲಿ ಅಗ್ಗದ ಕಬ್ಬಿಣದ ಫ್ರೇಮ್ ಒಳಗಿನಿಂದಲೇ ತುಕ್ಕು ಹಿಡಿಯುತ್ತಾ ಬರುತ್ತದೆ.

ಇನ್ನು 21 ಗೇರಿನ ವಿಷಯ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ 21. ಇವುಗಳಲ್ಲಿ ಹಲವು ಒಂದರ ಮೇಲೊಂದು ಬೀಳುತ್ತವೆ, ತುಳಿಯುವಾಗ ವ್ಯತ್ಯಾಸವೇ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಅತಿ ಹಗುರದ ಗೇರು ಎಷ್ಟು ಹಗುರ? ಮುಂದಿನ ಅತಿ ಚಿಕ್ಕ ಚಕ್ರದಲ್ಲಿ 28 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲೂ 28 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಎರಡು ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗಬೇಕಾಗುತ್ತದೆ. ಏರಿನಲ್ಲಿ ಮಂಡಿ ಬೇಡವೆನ್ನುವುದು ಅಲ್ಲಿ. ಮುಂದೆ 22, ಹಿಂದೆ 34 ಇದ್ದರೆ ಅದೇ ಒಂದು ಸುತ್ತಿಗೆ ಒಂದೂವರೆ ಮೀಟರಿಗಿಂತಲೂ ಕಡಿಮೆ. ನಿಧಾನ, ಆದರೆ ಇಳಿದು ತಳ್ಳುವ ಪ್ರಸಂಗ ಬರುವುದಿಲ್ಲ. ಅಂಗಡಿಯಲ್ಲಿ ಬಗ್ಗಿ ನೋಡಿದರೆ ಹಲ್ಲಿನ ಸಂಖ್ಯೆ ಲೋಹದ ಮೇಲೆಯೇ ಕೆತ್ತಿರುತ್ತದೆ. ಹಿಂದಿನ ದೊಡ್ಡ ಚಕ್ರ 32 ಅಥವಾ 34ಕ್ಕಿಂತ ಕಡಿಮೆಯಿದ್ದರೆ ನಮ್ಮ ಏರುಗಳಿಗೆ ಬೇಡ.

ಇದರ ಜೊತೆ ಇನ್ನೊಂದು ಮಾತು ಕೇಳಿ: ‘ಹಿಂದೆ ಇರುವುದು ಫ್ರೀವೀಲಾ, ಕ್ಯಾಸೆಟ್ಟಾ?’ ಏಳು ಗೇರಿನವು ಸಾಮಾನ್ಯವಾಗಿ ಹಬ್ಬಿಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ, ತಿರುಪಿ ಕೂರಿಸುವ ಫ್ರೀವೀಲ್. ತಿರುಪದೆ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು ಕ್ಯಾಸೆಟ್. ಫ್ರೀವೀಲಿನದರಲ್ಲಿ ಬಲಬದಿಯ ಬೇರಿಂಗ್ ಒಳಕ್ಕೆ ಸರಿದು ಕೂತಿರುತ್ತದೆ, ಆಚೆಯ ಅಚ್ಚಿನ ತುದಿಗೆ ಆಧಾರ ಇರುವುದಿಲ್ಲ. ಗುಂಡಿಗಳ ಮೇಲೆ ಓಡಿ ಓಡಿ ಅಚ್ಚು ಬಾಗುತ್ತದೆ, ಒಮ್ಮೊಮ್ಮೆ ತುಂಡಾಗುತ್ತದೆ. ಎಂಟು ಅಥವಾ ಹೆಚ್ಚಿನ ಗೇರಿನ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರ ಅಂಚಿಗೆ ಇರುತ್ತದೆ, ತೊಂದರೆ ಕಡಿಮೆ. ಗೇರಿನ ಭಾಗ ತಯಾರಿಸುವ ಶಿಮಾನೋ ಕಂಪನಿಯದರಲ್ಲಿ ಟೂರ್ನಿ ಎಲ್ಲಕ್ಕಿಂತ ಕೆಳಗಿನದು, ಅದರ ಮೇಲೆ ಆಲ್ಟಸ್, ಆಸೆರಾ, ಅಲಿವಿಯೋ. 2023ರಿಂದ ಈ ಮೇಲಿನ ಮೂರರ ಜಾಗಕ್ಕೆ ಕ್ಯೂಸ್ ಎಂಬ ಹೆಸರಿನದು ಬರತೊಡಗಿದೆ. ಆಲ್ಟಸ್ ಮಟ್ಟದ್ದು ಸಿಕ್ಕರೆ ನಿಮಗೆ ಧಾರಾಳ ಸಾಕು.

ಆದರೆ ನನ್ನ ಲೆಕ್ಕದಲ್ಲಿ ಇದಕ್ಕೆಲ್ಲ ಮೊದಲು ನೋಡಬೇಕಾದದ್ದು ಬ್ರೇಕ್.

ನನ್ನ ಮೊದಲ ಗೇರ್ ಸೈಕಲ್‌ಗೆ ರಿಮ್ ಒತ್ತಿ ಹಿಡಿಯುವ ರಬ್ಬರ್ ಬ್ರೇಕ್ ಇತ್ತು. ಬೇಸಿಗೆಯಿಡೀ ಚೆನ್ನಾಗಿಯೇ ಹಿಡಿಯಿತು. ಜೂನ್ ತಿಂಗಳ ಒಂದು ಬೆಳಿಗ್ಗೆ, ರಾತ್ರಿಯೆಲ್ಲ ಸುರಿದು ಆಗಷ್ಟೇ ಹೊಳವಾಗಿತ್ತು, ಗೇರುತೋಪಿನ ನಡುವಿನ ಮಣ್ಣಿನ ದಾರಿಯಲ್ಲಿ ಇಳಿಯುತ್ತಿದ್ದೆ. ಕೆಳಗೆ ತೋಡು, ತೋಡಿಗೆ ಅಡ್ಡಲಾಗಿ ಎರಡು ಅಡಿಕೆ ಮರದ ಸಂಕ. ಬ್ರೇಕ್ ಎಳೆದೆ. ಲಿವರ್ ಹ್ಯಾಂಡಲ್‌ಗೆ ತಾಗುವವರೆಗೂ ಬಂತು, ಚಕ್ರ ನಿಲ್ಲಲಿಲ್ಲ. ರಬ್ಬರಿಗೂ ರಿಮ್ಮಿಗೂ ನಡುವೆ ಮುರಕಲ್ಲಿನ ಕೆಂಪು ರಾಡಿ ಸೇರಿಕೊಂಡು, ಕತ್ತಿಗೆ ಸಾಣೆ ಹಿಡಿದ ಹಾಗೆ ಕರಕರ ಸದ್ದು. ಸಂಕದ ಹತ್ತಿರ ಹೋಗುವ ಮೊದಲೇ ಬೇಲಿಯ ಕಡೆ ಬೇಕೆಂದೇ ಬಿದ್ದೆ. ಅಂಗೈ ಸುಲಿದು ಹೋಯಿತು, ಮೊಣಕೈಯ ಕಲೆ ಈಗಲೂ ಇದೆ. ಮನೆಗೆ ಬಂದು ತೊಳೆದು ನೋಡಿದರೆ ಒಂದೇ ಇಳಿಜಾರಿನಲ್ಲಿ ರಿಮ್ಮಿನ ಮೇಲೆ ಉದ್ದುದ್ದ ಗೀರು ಬಿದ್ದಿತ್ತು.

ಡಿಸ್ಕ್ ಬ್ರೇಕ್ ಹಿಡಿಯುವ ಜಾಗ ಚಕ್ರದ ನಡುವಿನಲ್ಲಿರುವುದರಿಂದ ರಾಡಿ ಅಷ್ಟು ಬೇಗ ತಾಗುವುದಿಲ್ಲ, ಒದ್ದೆಯಾದರೂ ಎರಡು ಸುತ್ತಿನೊಳಗೆ ಒಣಗಿ ಹಿಡಿಯುತ್ತದೆ. ಈ ಆಟದ ಚರಿತ್ರೆಯೇ ಬ್ರೇಕಿನ ಕಥೆ ಹೇಳುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಪಕ್ಕದ ಗುಡ್ಡದಲ್ಲಿ, ಸುಮಾರು 400 ಮೀಟರ್ ಇಳಿಯುವ ಒಂದು ಮಣ್ಣುದಾರಿಯಲ್ಲಿ, ಗೆಳೆಯರ ಗುಂಪೊಂದು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಪಂದ್ಯ ಶುರು ಮಾಡಿತು. ಪೆಡಲ್ ಹಿಂದಕ್ಕೆ ಒತ್ತಿ ಹಿಡಿಯುವ ಹಬ್ ಬ್ರೇಕ್ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಹೊಸ ಗ್ರೀಸ್ ತುಂಬಲೇಬೇಕು. ಹಾಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ ‘ರಿಪ್ಯಾಕ್’ ಎಂದು ಹೆಸರು ಬಿತ್ತು. ಮರುವರ್ಷದಿಂದ ಆ ಗುಂಪಿನವರು ಇದಕ್ಕೆಂದೇ ಫ್ರೇಮ್ ಕಟ್ಟತೊಡಗಿದರು, ಮೌಂಟನ್ ಬೈಕ್ ಹುಟ್ಟಿದ್ದು ಹೀಗೆ.

ಡಿಸ್ಕ್‌ನಲ್ಲಿ ಎರಡು ಬಗೆ: ತಂತಿ ಎಳೆಯುವ ಮೆಕ್ಯಾನಿಕಲ್, ಎಣ್ಣೆಯ ಒತ್ತಡದ ಹೈಡ್ರಾಲಿಕ್. ಬಜೆಟ್ ಒಳಗೆ ಹೈಡ್ರಾಲಿಕ್ ಸಿಕ್ಕರೆ ಎರಡನೇ ಯೋಚನೆ ಬೇಡ, ಒಂದೇ ಬೆರಳಲ್ಲಿ ಹಿಡಿಯಬಹುದು, ಉದ್ದ ಇಳಿಜಾರಿನಲ್ಲಿ ಕೈ ಸೋಲುವುದಿಲ್ಲ. ಮೆಕ್ಯಾನಿಕಲ್ ಆದರೂ ಪರವಾಗಿಲ್ಲ, ತಂತಿ ಹೋದರೆ ಯಾವ ಸಣ್ಣ ಅಂಗಡಿಯಲ್ಲೂ ಬದಲಿಸಿ ಕೊಡುತ್ತಾರೆ. ನಮ್ಮ ಮಳೆಯಲ್ಲಿ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಬೇಗ ಸವೆಯುತ್ತದೆ, ಮಳೆಗಾಲಕ್ಕೆ ಮೊದಲು ಒಂದು ಜೊತೆ ತಂದಿಟ್ಟುಕೊಳ್ಳಿ. ಲೋಹದ ಪ್ಯಾಡ್ ಹೆಚ್ಚು ಬಾಳುತ್ತದೆಂದು ಯಾರಾದರೂ ಹೇಳಿದರೆ ಮೊದಲು ಡಿಸ್ಕಿನ ಮೇಲೆ ಕೆತ್ತಿರುವುದನ್ನು ಓದಿ. ಕಡಿಮೆ ಬೆಲೆಯ ಹಲವು ಡಿಸ್ಕ್‌ಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ (ರಾಳದ ಪ್ಯಾಡ್ ಮಾತ್ರ) ಎಂದಿರುತ್ತದೆ, ಅವುಗಳಿಗೆ ಲೋಹದ ಪ್ಯಾಡ್ ಹಾಕಿದರೆ ಡಿಸ್ಕೇ ಸವೆದುಹೋಗುತ್ತದೆ. ಇನ್ನೊಂದು: ನಿಮ್ಮ ಬೆರಳು ಲಿವರಿಗೆ ಸುಲಭವಾಗಿ ಎಟಕುತ್ತದೆಯೇ ನೋಡಿ. ದೂರವಾದರೆ ಲಿವರಿನ ಬುಡದಲ್ಲಿ ಚಿಕ್ಕ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿ ಹತ್ತಿರ ತಂದುಕೊಡಲು ಹೇಳಿ. ಎಷ್ಟೋ ಜನ ಹೊಂದದ ಲಿವರನ್ನೇ ವರ್ಷಗಟ್ಟಲೆ ಎಳೆಯುತ್ತಾ ಬೆರಳು ನೋಯಿಸಿಕೊಳ್ಳುತ್ತಾರೆ.

ಬ್ರೇಕ್ ಆದ ಮೇಲೆ ಅಳತೆ. ನಿಮ್ಮ ಎತ್ತರಕ್ಕೆ ಸ್ಮಾಲ್, ಅಂದರೆ 15 ಅಥವಾ 16 ಇಂಚಿನ ಫ್ರೇಮ್, ಚಕ್ರ 27.5 ಇಂಚು. 29 ಇಂಚಿನದು ಗುಂಡಿಯ ಮೇಲೆ ಸಲೀಸಾಗಿ ಉರುಳುತ್ತದೆ ನಿಜ, ಆದರೆ ಚಿಕ್ಕ ಫ್ರೇಮಿಗೆ ಅದನ್ನು ಹೊಂದಿಸಿದರೆ ತಿರುವಿನಲ್ಲಿ ಒಡ್ಡೊಡ್ಡಾಗಿ ಕಾಣುತ್ತದೆ. ‘ಸ್ಮಾಲ್ ಸ್ಟಾಕ್ ಇಲ್ಲ, ಮೀಡಿಯಂ ತೆಗೆದುಕೊಳ್ಳಿ, ಸೀಟ್ ಇಳಿಸಿಕೊಡುತ್ತೇವೆ’ ಎಂದರೆ ಒಪ್ಪಬೇಡಿ. ಸೀಟ್ ಇಳಿಸಿದರೆ ಕಾಲಿನ ಲೆಕ್ಕ ಸರಿಯಾಗಬಹುದು, ಹ್ಯಾಂಡಲ್‌ನ ದೂರ ಹಾಗೆಯೇ ಉಳಿಯುತ್ತದೆ. ಒಂದು ಗಂಟೆ ಓಡಿಸಿದ ಮೇಲೆ ಕುತ್ತಿಗೆ, ಭುಜ ಅದನ್ನು ಹೇಳುತ್ತವೆ. ನೆಲದ ಮೇಲೆ ಎರಡೂ ಕಾಲೂರಿ ಮೇಲಿನ ಕೊಳವೆಯ ಆಚೀಚೆ ನಿಂತಾಗ ನಡುವೆ ಎರಡು ಇಂಚಾದರೂ ತೆರಪಿರಬೇಕು. ಸೀಟಿನ ಎತ್ತರ ನೋಡಲು, ಗೋಡೆ ಹಿಡಿದು ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತನ್ನಿ, ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಲ್ಲಿ ತುಳಿದರೆ ಮಂಡಿ ತುಸು ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ನಿಮ್ಮ ಹೈಸ್ಕೂಲಿನ ಸೈಕಲ್‌ಗಿಂತ ಇದು ತುಂಬ ಎತ್ತರ ಅನ್ನಿಸುತ್ತದೆ. ನಿಂತಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರುವುದನ್ನು ಎರಡು ದಿನ ಅಂಗಳದಲ್ಲೇ ರೂಢಿ ಮಾಡಿಕೊಳ್ಳಿ.

ಸೈಕಲ್ ಪೆಟ್ಟಿಗೆಯಲ್ಲಿ ಬಿಡಿ ಬಿಡಿಯಾಗಿ ಬಂದು ಅಂಗಡಿಯಲ್ಲಿ ಜೋಡಣೆಯಾಗುತ್ತದೆ. ಅಲ್ಲಿಯ ತಪ್ಪು ಕಡಿಮೆಯಲ್ಲ. ಪರಿಚಯದವರೊಬ್ಬರ ಮಗನಿಗೆ ಕೊಂಡ ಹೊಸ ಸೈಕಲ್‌ನಲ್ಲಿ ಮುಂದಿನ ಚಕ್ರ ಹಿಡಿಯುವ ಫೋರ್ಕನ್ನೇ ಹಿಂದುಮುಂದಾಗಿ ಕೂರಿಸಿ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ವಾರ ಹಾಗೆಯೇ ಓಡಿಸಿದ್ದ, ‘ತಿರುಗಿಸುವಾಗ ಏನೋ ಎಳೆದ ಹಾಗಾಗುತ್ತದೆ’ ಎನ್ನುತ್ತಿದ್ದ. ನೀವು ಸೀಟಿನ ಮೇಲೆ ಕೂತು ನೋಡಿದಾಗ ಮುಂದಿನ ಡಿಸ್ಕ್ ಬ್ರೇಕ್ ಎಡಗಡೆ ಇರಬೇಕು, ಫೋರ್ಕಿನ ಕಾಲಿನ ಹಿಂಬದಿಯಲ್ಲಿ ಇರಬೇಕು. ಚಕ್ರ ಎತ್ತಿ ತಿರುಗಿಸಿ, ಡಿಸ್ಕ್ ಒಂದೇ ಸಮನೆ ಉಜ್ಜುತ್ತಿದೆಯೇ ಕೇಳಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹ್ಯಾಂಡಲ್‌ನ ಬುಡದಲ್ಲಿ ಕಟಕ್ ಎಂದರೆ ಅಲ್ಲೇ ಬಿಗಿ ಮಾಡಿಸಿ. ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ ತಂತಿಗಳು ಸಡಿಲಾಗುತ್ತವೆ, ಚಕ್ರದ ಕಡ್ಡಿಗಳೂ ತುಸು ಸಡಿಲಗೊಳ್ಳುತ್ತವೆ. ಆಗ ಒಂದು ಸಲ ತಪ್ಪದೆ ತೋರಿಸಿ.

ಹಳೆಯದು ನೋಡಬಹುದೇ ಎಂದು ನೀವು ಕೇಳಿಲ್ಲ, ಆದರೂ ಮಣಿಪಾಲದಲ್ಲಿದ್ದು ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಕೋರ್ಸ್ ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳು ಒಳ್ಳೊಳ್ಳೆಯ ಸೈಕಲ್ ಮಾರಿ ಹೋಗುತ್ತಾರೆ. ಒಂದು ಅಡಿಪಟ್ಟಿ ಜೇಬಿನಲ್ಲಿಟ್ಟು ಹೋಗಿ. ಚೈನಿನ ಒಂದು ಪಿನ್ನಿನ ನಡುವಿನಿಂದ ಅಳೆದರೆ, ಅದನ್ನು ಬಿಟ್ಟು 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬೀಳಬೇಕು. ಒಂದಿಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಅಷ್ಟು ದುಡ್ಡು ಬೆಲೆಯಲ್ಲಿ ಇಳಿಸಿ ಕೇಳಿ. ಫ್ರೇಮಿನ ಬೆಸುಗೆಗಳ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದೆಯೇ ಎಂದೂ ನೋಡಿ, ಅದರ ಕಾರಣ ಮುಂದೆ ಬರುತ್ತದೆ.

ಈಗ ಸಾಮಾನು. 30,000ದಲ್ಲಿ ಆರೇಳು ಸಾವಿರ ಇದಕ್ಕೆಂದು ಮೊದಲೇ ಎತ್ತಿಟ್ಟು, ಉಳಿದದ್ದರಲ್ಲಿ ಸೈಕಲ್ ಹುಡುಕಿ. ಎಲ್ಲವನ್ನೂ ಸೈಕಲ್‌ಗೆ ಸುರಿದು ‘ಹೆಲ್ಮೆಟ್ ಮುಂದಿನ ತಿಂಗಳು’ ಎಂದುಕೊಳ್ಳುವುದು ಬೇಡವೇ ಬೇಡ.

ಹೆಲ್ಮೆಟ್ ಸೈಕಲ್‌ನದ್ದೇ ಆಗಬೇಕು. ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಸಿಪಿಎಸ್‌ಸಿ ಎಂಬ ಸುರಕ್ಷತೆಯ ಗುರುತು ನೋಡಿ. ಮೋಟಾರ್ ಬೈಕಿನ ಹೆಲ್ಮೆಟ್ ಹಾಕಿಕೊಂಡು ನಮ್ಮ ಸೆಕೆಯಲ್ಲಿ ಏರು ತುಳಿಯಲಾಗದು. ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಹಣೆ ಕಾಣಬೇಕು, ಪಟ್ಟಿ ಹಾಕದೆ ತಲೆ ಬಗ್ಗಿಸಿದರೂ ಬೀಳಬಾರದು. ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ತನ್ನ ಕೆಲಸ ಮುಗಿಸಿರುತ್ತದೆ, ಬದಲಿಸಿ.

ಕೈಗವಸು ಶೋಕಿಯ ವಸ್ತುವಲ್ಲ. ಬೀಳುವಾಗ ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಮುರಕಲ್ಲಿನ ಮೈ ತುರಿಮಣೆಯಿದ್ದ ಹಾಗೆ. ಚಪ್ಪಟೆ ಅಟ್ಟೆಯ, ಜಾರದ ಶೂ ಸಾಕು. ಪೆಡಲ್‌ಗೆ ಕಚ್ಚಿಕೊಳ್ಳುವ ಶೂ ಈಗ ಬೇಡ. ಹಿಂದಕ್ಕೊಂದು ಕೆಂಪು ದೀಪ, ಮುಂದಕ್ಕೊಂದು ಬಿಳಿ, ಆಫೀಸಿಗೆ ಹೋಗುವವರಿಗೆ ಮಳೆಗಾಲದ ಮೋಡದಲ್ಲಿ ಹಗಲಲ್ಲೂ ಬೇಕು. ಮಡ್‌ಗಾರ್ಡ್ ಎರಡೂ ಕಡೆ ಹಾಕಿಸಿ, ಕೆಂಪು ಮಣ್ಣಿನ ಕಲೆ ಬಟ್ಟೆಯಿಂದ ಹೋಗುವುದಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ.

ಪಂಕ್ಚರ್ ಹಾಕುವುದನ್ನು ಕಲಿಯಿರಿ. ಗುಡ್ಡೆಯಲ್ಲಿ ಕಾರೆಮುಳ್ಳು ಯಾರನ್ನೂ ಬಿಡುವುದಿಲ್ಲ. ಒಂದು ಹೆಚ್ಚಿನ ಟ್ಯೂಬ್, ಎರಡು ಟೈರ್ ಲಿವರ್, ತೇಪೆಯ ಡಬ್ಬಿ, ಅಲೆನ್ ಕೀಗಳಿರುವ ಮಲ್ಟಿಟೂಲ್, ಚಿಕ್ಕ ಪಂಪು, ಇಷ್ಟು ಸೀಟಿನ ಕೆಳಗಿನ ಚೀಲದಲ್ಲಿ ಹಿಡಿಯುತ್ತದೆ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ತುದಿ ಹುಡುಕಿ ಕೀಳಬೇಕು. ಅದನ್ನು ಮರೆತವರು ನೂರು ಮೀಟರ್ ಹೋಗುವಷ್ಟರಲ್ಲಿ ಎರಡನೇ ಟ್ಯೂಬನ್ನೂ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಮೀಟರ್ ಇರುವ ನಿಲುವು ಪಂಪು ಇದ್ದರೆ ಒಳ್ಳೆಯದು. ಪೇಟೆಯಲ್ಲಿ ಗಾಳಿ ಹಾಕಿಸಿದರೆ ಕಲ್ಲಿನ ಹಾಗೆ ಗಟ್ಟಿ ಮಾಡಿ ಕಳಿಸುತ್ತಾರೆ. 2.1 ಇಂಚಿನ ಟೈರಿಗೆ ಮಣ್ಣಿನಲ್ಲಿ 30 ಪಿಎಸ್‌ಐ ಆಸುಪಾಸು, ಕಾಂಕ್ರೀಟಿನಲ್ಲಿ 40 ಸಾಕು. ಬೆರಳಿನಿಂದ ಒತ್ತಿದರೆ ತುಸು ತಗ್ಗುವಷ್ಟು ಗಾಳಿಯಿದ್ದರೆ ಟೈರು ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಅಗ್ಗದ ಶಾಕಿಗಿಂತ ಹೆಚ್ಚು ಕೆಲಸ ಈ ಗಾಳಿಯೇ ಮಾಡುತ್ತದೆ.

ನಮ್ಮ ಕರಾವಳಿಯಲ್ಲಿ ಸೈಕಲ್ ಕೊಲ್ಲುವುದು ಓಡಿಸಿದ್ದಲ್ಲ, ತೊಳೆಯದೆ ಇಟ್ಟದ್ದು. ಒಂದು ಡಿಸೆಂಬರಿನಲ್ಲಿ ಕಾಪು ಕಡಲತೀರದ ಒದ್ದೆ ಮರಳಿನ ಮೇಲೆ ಖುಷಿಯಿಂದ ಓಡಿಸಿ ಬಂದವನು ಒರೆಸಿದ ಶಾಸ್ತ್ರ ಮಾಡಿ ಒಳಗಿಟ್ಟೆ. ಹೀಗೆ ಹಲವು ಸಲ. ಮರುವರ್ಷ ಸೀಟು ಎತ್ತರಿಸಲು ಹೋದರೆ ಕಂಬ ಅಲುಗಲಿಲ್ಲ. ಉಪ್ಪುನೀರು ಒಳಗಿಳಿದು ಕಂಬವೂ ಫ್ರೇಮೂ ಒಂದಕ್ಕೊಂದು ಬೆಸೆದ ಹಾಗೆ ಕಚ್ಚಿಕೊಂಡಿದ್ದವು. ಕೊನೆಗೆ ಗರಗಸದಲ್ಲಿ ಕತ್ತರಿಸಿ, ಒಳಗಿನ ತುಂಡನ್ನು ಉದ್ದಕ್ಕೆ ಸೀಳಿ, ಚೂರು ಚೂರಾಗಿ ತೆಗೆಯಲು ಒಂದು ಇಡೀ ಭಾನುವಾರ ಬೇಕಾಯಿತು. ಹೊಸ ಸೈಕಲ್ ತಂದ ದಿನವೇ ಕಂಬ ತೆಗೆದು ಗ್ರೀಸ್ ಸವರಿ ಮತ್ತೆ ಕೂರಿಸಿ. ಪೆಡಲ್ ತಿರುಪುಗಳಿಗೂ ಹಾಗೆಯೇ. ವರ್ಷಕ್ಕೆರಡು ಸಲ ಮಾಡಿದರೆ ಸಾಕು. ಕಡಲ ಕಡೆ ಹೋದ ದಿನ ಸಿಹಿನೀರು ಸುರಿದು ತೊಳೆಯಿರಿ, ಬೈಕ್ ತೊಳೆಯುವ ಜೋರಿನ ಪೈಪು ಬೇಡ, ಬೇರಿಂಗಿನ ಗ್ರೀಸ್ ಕೊಚ್ಚಿ ಹೋಗುತ್ತದೆ.

ಚೈನಿಗೆ ತೆಂಗಿನೆಣ್ಣೆ ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದು ಅಂಟಾಗಿ ಧೂಳು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಸೈಕಲ್ ಚೈನಿನ ಎಣ್ಣೆಯನ್ನೇ ತನ್ನಿ, ಮಳೆಗಾಲಕ್ಕೆ ‘ವೆಟ್’ ಎಂದು ಬರೆದಿರುವುದು. ಮೊದಲು ಹಳೆಯ ಬನಿಯನ್ ತುಂಡಿನಲ್ಲಿ ಚೈನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ಒರೆಸಿ, ಪ್ರತಿ ಕೊಂಡಿಗೆ ಒಂದೊಂದೇ ಹನಿ ಬಿಡಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ಬೇಕಾದದ್ದು ಒಳಗೆ. ಡಿಸ್ಕಿನ ಮೇಲೆ ಒಂದು ಹನಿಯೂ ಬೀಳಬಾರದು, ಬಿದ್ದರೆ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ. ಸ್ಪ್ರೇ ಡಬ್ಬಿ ಹತ್ತಿರ ತರಬೇಡಿ ಎನ್ನುವುದು ಅದಕ್ಕೇ.

ಓಡಿಸಲು ಶುರು ಮಾಡಿದ ಮೊದಲ ತಿಂಗಳು ಗುಡ್ಡೆ ಬೇಡ. ಮಲ್ಪೆಯ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು ಇರುವ ಸಮತಟ್ಟು ದಾರಿಯಿದೆಯಲ್ಲ, ಬೆಳಗ್ಗಿನ ಹೊತ್ತು ಅಲ್ಲಿ ಗೇರ್ ಬದಲಿಸುವುದು, ಒಂದು ಕೈ ಬಿಟ್ಟು ನೀರು ಕುಡಿಯುವುದು, ಹಿಂದೆ ತಿರುಗಿ ನೋಡುವುದು ಕಲಿಯಿರಿ. ಏರು ಬರುವ ಮೊದಲೇ ಗೇರ್ ಇಳಿಸಬೇಕು, ಭಾರ ಬಿದ್ದ ಮೇಲೆ ಒತ್ತಿದರೆ ಚೈನು ಕಟಾರನೆ ಹಾರುತ್ತದೆ. ಆಮೇಲೆ ಮಣ್ಣಿನ ದಾರಿ. ಪತ್ತನಾಜೆ (ಮೇ ಕೊನೆಯ ತುಳುವರ ಆಚರಣೆ) ಕಳೆದು ಮಳೆ ಹಿಡಿದ ಮೇಲೆ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಅಲ್ಲಿ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ, ಅಥವಾ ಇಳಿದು ನಡೆಯಿರಿ. ಪದವುಗಳ, ಅಂದರೆ ಗುಡ್ಡೆಯ ಮೇಲಿನ ಬಯಲುಗಳ, ಮೇಲೆ ಬಿಟ್ಟುಹೋದ ಕಲ್ಲುಕೋರೆಗಳಿರುತ್ತವೆ, ಬೇಲಿಯಿಲ್ಲ, ಹುಲ್ಲು ಅಂಚಿನವರೆಗೂ ಬೆಳೆದಿರುತ್ತದೆ, ಕೆಳಗೆ ಆಳಕ್ಕೆ ನೀರು. ಗೊತ್ತಿಲ್ಲದ ಗುಡ್ಡೆಗೆ ಮೊದಲ ಸಲ ಒಬ್ಬರೇ ಹೋಗಬೇಡಿ. ಆ ಜಾಗದ ಮನೆಯವರನ್ನು ಮಾತಾಡಿಸಿಯೇ ಮುಂದೆ ಹೋಗಿ, ದಾರಿಯೂ ತೋರಿಸುತ್ತಾರೆ, ಕುಡಿಯಲು ನೀರೂ ಕೊಡುತ್ತಾರೆ.

ಆಗುಂಬೆ ಖಂಡಿತ ನಿಮ್ಮಿಂದ ಆಗುತ್ತದೆ. ಉಡುಪಿಯಿಂದ ಸುಮಾರು 55 ಕಿಲೋಮೀಟರ್. ಅದರಲ್ಲಿ ನಿಜವಾದ ಏರು ಸೋಮೇಶ್ವರ ದಾಟಿದ ಮೇಲಿನ 14 ತಿರುವುಗಳು ಮಾತ್ರ. ಮೊದಲ ಸಲ ಹೆಬ್ರಿಯವರೆಗೆ ಸೈಕಲನ್ನು ಗಾಡಿಯಲ್ಲಿ ಒಯ್ದು ಅಲ್ಲಿಂದ ಶುರು ಮಾಡಿದರೂ ತಪ್ಪಿಲ್ಲ. ಮಳೆ ನಿಂತು ಘಾಟಿಯ ರಸ್ತೆ ಒಣಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಬೆಳಕಾಗುತ್ತಲೇ ಹತ್ತಿ. ತಿರುವಿನಲ್ಲಿ ಹೊರ ಅಂಚಿನಲ್ಲಿ ಏರು ಕಡಿಮೆ, ಒಳ ಅಂಚು ಗೋಡೆಯ ಹಾಗೆ ಕಡಿದು. ವಾಹನ ಇಲ್ಲದಿದ್ದರೆ ಮಾತ್ರ ಹೊರಗಿನಿಂದ ಸುತ್ತಿ, ಬಸ್ಸಿನ ಸದ್ದು ಕೇಳಿದರೆ ಪಕ್ಕಕ್ಕೆ ನಿಂತುಬಿಡಿ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ, ಕಾದು ಹಿಡಿತ ಸಡಿಲವಾಗುತ್ತದೆ. ತಿರುವಿಗೆ ಮೊದಲು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟು ಸಾಗಿ, ಮತ್ತೆ ಹಿಡಿಯಿರಿ. ನಡುವೆ ಎರಡು ಕಡೆ ನಿಂತು ಡಿಸ್ಕ್ ಆರಲು ಬಿಡಿ. ಆಗ ಮಂಗಗಳು ಚೀಲಕ್ಕೆ ಕೈ ಹಾಕುತ್ತವೆ, ಬಾಳೆಹಣ್ಣನ್ನು ಹೊರಗೆ ಕಾಣುವ ಹಾಗೆ ಇಡಬೇಡಿ.